ಬೋರ್ಡಿನೊಳಗಿನ ಬಾಗಿಲು

ನನಗೆ ಚೆನ್ನಾಗಿ ಬರುವ ಕೆಲಸಗಳು ಕಡಿಮೆ. ಅವುಗಳಲ್ಲಿ ಒಂದು, ಭೌತಶಾಸ್ತ್ರದ ಲೆಕ್ಕ ಬಿಡಿಸುವುದು. ಮೊದಲು ವಸ್ತುವನ್ನು ಅದರ ಸುತ್ತಲಿನ ಗದ್ದಲದಿಂದ ಬೇರೆ ಮಾಡಿ ಒಂದು ಚೌಕ ಬರೆಯಬೇಕು. ಅದನ್ನು ಏನೇನು ಮುಟ್ಟುತ್ತಿದೆ, ಯಾವ ಕಡೆಗೆ ತಳ್ಳುತ್ತಿದೆ ಎಂದು ನೋಡಿ ಬಾಣ ಎಳೆಯಬೇಕು. ಭೂಮಿಯ ಎಳೆತಕ್ಕೆ ಕೆಳಮುಖವಾಗಿ ಒಂದು ಬಾಣ. ಅಷ್ಟಾದ ಮೇಲೆ ಊಹೆಗೆ ಜಾಗವಿಲ್ಲ, ಯಾರ ಅಭಿಪ್ರಾಯಕ್ಕೂ ಜಾಗವಿಲ್ಲ. ಹೆಚ್ಚು ಮಾತು ಬೇಡದ ನನ್ನಂಥವಳಿಗೆ ಇದು ಹೇಳಿ ಮಾಡಿಸಿದ ಕೆಲಸ.

ಈ ಕೆಲಸದಿಂದ ನಮ್ಮ ಕಡೆಯ ಹುಡುಗಿಯರನ್ನು ದೂರ ಇಡಲು ಯಾರೂ ಬಾಗಿಲು ಹಾಕುವುದಿಲ್ಲ, ಬೈಯುವುದಿಲ್ಲ. ಬಹಳ ಅಕ್ಕರೆಯಿಂದ ಒಂದು ಮಾತು ಹೇಳುತ್ತಾರೆ. ಅದನ್ನು ನಾನು ವಿದ್ಯಾರ್ಥಿನಿಯಾಗಿ ಬಸವನ ಬಾಗೇವಾಡಿಯಲ್ಲಿ ಕೇಳಿದೆ, ಕಲಿಸುವವಳಾಗಿ ಸಿಂದಗಿಯಲ್ಲಿ ಕೇಳಿದೆ. ಹೇಳಿದವರು ಬೇರೆ ಬೇರೆ, ಮಾತು ಮಾತ್ರ ಒಂದೇ.

"ಹೆಣ್ಣಮಕ್ಕಳು ಲೆಕ್ಕ ಬಿಟ್ಟಬಿಡ್ರಿ. ಡೆರಿವೇಶನ್ ಬಾಯಿಪಾಠ ಮಾಡ್ರಿ, ಆರಾಮ ಪಾಸ್ ಆಗ್ತೀರಿ. ಯಾಕ ತ್ರಾಸ?"

ನನ್ನ ಮನೆ ಮುದ್ದೇಬಿಹಾಳದಲ್ಲಿ. ಪಿಯುಸಿಗೆ ಬಾಗೇವಾಡಿಯ ಹಾಸ್ಟೆಲ್ಲಿನಲ್ಲಿದ್ದೆ. ಅಲ್ಲಿ ಮಧ್ಯಾಹ್ನದ ಕ್ಲಾಸಿನಲ್ಲಿ ಬೋರ್ಡಿನ ಬಲಭಾಗ ನನಗೆ ಕಾಣುತ್ತಿರಲಿಲ್ಲ. ಅಕ್ಷರಗಳ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಇರುತ್ತಿತ್ತು. ಪಕ್ಕದವಳಿಗೂ ಕಾಣುತ್ತಿರಲಿಲ್ಲ ಎಂದು ನನಗೆ ಗೊತ್ತಿರಲಿಲ್ಲ, ಯಾಕೆಂದರೆ ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ರಜೆಗೆ ಹೋದಾಗ ಅಪ್ಪನಿಗೆ ಹೇಳಿದೆ. ಅವರು ಬಸ್‌ ನಿಲ್ದಾಣದ ಹತ್ತಿರದ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವನು ಒಂದೊಂದೇ ಗಾಜು ಇಟ್ಟು ತೆಗೆದು, ಸ್ವಲ್ಪ ನಂಬರ್ ಇದೆ, ಈಗಲೇ ಹಾಕಿಕೊಂಡರೆ ಬೆಳೆಯುವುದಿಲ್ಲ ಎಂದ. ಅವ್ವ ಒಂದು ಇಡೀ ದಿನ ನನ್ನ ಮುಖವನ್ನೇ ನೋಡಿದಳು. ಲಗ್ನದ ಮಾತು ಬಂದಾಗ ಚಾಳೀಸು ತೆಗೆದಿಟ್ಟರಾಯಿತು ಎಂದು ತಾನೇ ಸಮಾಧಾನ ಹೇಳಿಕೊಂಡಳು.

ಕನ್ನಡಕ ಹಾಕಿಕೊಂಡರೂ ಬಲಭಾಗ ಕಾಣಲಿಲ್ಲ. ನಂಬರ್ ಹೆಚ್ಚಾಗಿದೆ ಎಂದುಕೊಂಡೆ. ಲೆಕ್ಕಗಳನ್ನು ಹಾಸ್ಟೆಲ್ಲಿನ ಕೋಣೆಯಲ್ಲಿ ಪುಸ್ತಕ ಇಟ್ಟುಕೊಂಡು ಒಬ್ಬಳೇ ಕಲಿತೆ. ಎಂ.ಎಸ್ಸಿ. ಓದುವಾಗ ವಿಶ್ವವಿದ್ಯಾಲಯದಲ್ಲಿ ಒಮ್ಮೆ ಕಣ್ಣಿನ ತಪಾಸಣೆ ಇಟ್ಟಿದ್ದರು. ಡಾಕ್ಟರು ನನ್ನ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿ, ಇದು ಕಿಟಕಿಗೆ ಹಾಕುವ ಗಾಜು, ಕಣ್ಣಿಗಲ್ಲ, ಎಂದರು. ಗೆಳತಿಯರು ನಕ್ಕರು. ನಾನೂ ನಕ್ಕೆ. ಕನ್ನಡಕವನ್ನು ಅದರ ಡಬ್ಬಿಯಲ್ಲಿಟ್ಟು ಪೆಟ್ಟಿಗೆಯ ತಳಕ್ಕೆ ಹಾಕಿ ಮರೆತೆ.

ಓದು ಮುಗಿದ ಮೇಲೆ ಒಂದು ವರ್ಷ ಲಿಂಬೆಗೆ ಹೆಸರಾದ ಇಂಡಿ ಪಟ್ಟಣದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಅಲ್ಲಿ ಬೋರ್ಡೆಂದರೆ ಗೋಡೆಯ ಮೇಲಿನ ಸಿಮೆಂಟ್ ಗಿಲಾವು, ಅದಕ್ಕೆ ಮಸಿ. ಹುಡುಗರೇ ಆಗಾಗ ಇದ್ದಿಲು ಅರೆದು ಬಳಿಯುತ್ತಿದ್ದರು. ಚಾಕ್ ಬೇಗ ಸವೆಯುತ್ತಿತ್ತು, ಕೈಗೆ ಒರಟು ಹತ್ತುತ್ತಿತ್ತು. ಆ ಹುಡುಗಿಯರು ಲೆಕ್ಕದ ವಿಷಯದಲ್ಲಿ ನನ್ನ ಜೊತೆ ಜಗಳಕ್ಕೇ ನಿಲ್ಲುತ್ತಿದ್ದರು. ಒಂದು ಲಿಂಬೆಹಣ್ಣನ್ನು ನೇರ ಮೇಲಕ್ಕೆ ಎಸೆದರೆ ಎಷ್ಟು ಹೊತ್ತಿಗೆ ಕೈಗೆ ಮರಳಿ ಬರುತ್ತದೆ ಎಂದು ಒಮ್ಮೆ ಕೇಳಿದೆ. ಹಿಂದಿನ ಬೆಂಚಿನವಳೊಬ್ಬಳು, "ಇಂಡ್ಯಾಗ ಲಿಂಬಿಹಣ್ಣ ಒಗದ್ರ ಕೆಳಗ ಬರಂಗಿಲ್ರಿ ಮೇಡಂ, ನಡುವ ಯಾರರೆ ಹಿಡಕೊಂಡ ಹೊಕ್ಕಾರ" ಎಂದಳು. ಕ್ಲಾಸು ನಕ್ಕು ಮುಗಿಯುವಷ್ಟರಲ್ಲಿ ಸರಿಯಾದ ಉತ್ತರವನ್ನೂ ಅವಳೇ ಹೇಳಿದಳು.

ಮುಂದಿನ ವರ್ಷ ಸಿಂದಗಿಗೆ ಬಂದೆ. ಖಾಸಗಿ ಪಿಯು ಕಾಲೇಜು, ಇಲ್ಲೂ ಅತಿಥಿ ಉಪನ್ಯಾಸಕಿಯೇ. ಮೊದಲ ವರ್ಷದ ವಿಜ್ಞಾನದ ಕೋಣೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನನ್ನ ಸಿಟ್ಟೆಲ್ಲ ಆ ಕೋಣೆಯ ಜೋಡಣೆಯಲ್ಲೇ ಇದೆ. ಬೋರ್ಡಿಗೆ ಮುಖ ಮಾಡಿ ಕೂತರೆ ಬಲಗೋಡೆಯಲ್ಲಿ, ಬೋರ್ಡಿಗೆ ಹತ್ತಿರವಾಗಿ, ಅಗಲವಾದ ಬಾಗಿಲು. ಬಾಗಿಲಾಚೆ ಗಿಡವೂ ಇಲ್ಲದ ಬಯಲು, ಮಧ್ಯಾಹ್ನದ ಬಿಸಿಲಿಗೆ ಸುಣ್ಣದ ಹಾಗೆ ಬೆಳ್ಳಗೆ ಉರಿಯುತ್ತದೆ. ಬಯಲು ದಾಟಿದರೆ ರಸ್ತೆ, ಚಹಾದ ಅಂಗಡಿ. ಬಾಗಿಲ ಬದಿಯ ಸಾಲು ಹುಡುಗರದು. ಬಾಗಿಲಿಂದ ದೂರದ ಎಡಸಾಲು ಹುಡುಗಿಯರದು. ಹಾದುಹೋಗುವವರ ಕಣ್ಣಿಗೆ ಹುಡುಗಿಯರು ಬೀಳಬಾರದು ಎಂದು ಈ ಪದ್ಧತಿ. ಯಾರು ಶುರು ಮಾಡಿದರೋ ಯಾರಿಗೂ ಗೊತ್ತಿಲ್ಲ. ಪ್ರತಿವರ್ಷ ಹೊಸದಾಗಿ ಬಂದ ಹುಡುಗಿಯರು ಯಾರೂ ಹೇಳದೆಯೇ ಎಡಕ್ಕೆ ಹೋಗಿ ಕೂರುತ್ತಾರೆ.

ಬೋರ್ಡು ಒಬ್ಬ ವ್ಯಾಪಾರಿ ಕೊಟ್ಟ ದಾನ. ಮರದ ಹಲಗೆಗೆ ಕಪ್ಪು ಎಣ್ಣೆಬಣ್ಣ, ಮೇಲಂಚಿನಲ್ಲಿ ಹಳದಿ ಅಕ್ಷರಗಳಲ್ಲಿ ಅವರ ಹೆಸರು, ಅವರ ತಂದೆಯ ಹೆಸರು. ಒದ್ದೆ ಬಟ್ಟೆಯಿಂದ ಒರೆಸಿದರೆ ಹೊಸ ಟ್ರಂಕಿನ ಹಾಗೆ ಹೊಳೆಯುತ್ತದೆ.

ನನಗಿಂತ ಮೊದಲಿನಿಂದ ಅಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಹಿರಿಯ ಉಪನ್ಯಾಸಕರು ಆ ಬೋರ್ಡನ್ನು ನಡುವೆ ಗೆರೆ ಎಳೆದು ಎರಡು ಮಾಡುತ್ತಿದ್ದರು. ಎಡಕ್ಕೆ ವಿವರಣೆ ಮತ್ತು ಸೂತ್ರ, ಅದು ಪಿರಿಯಡ್ ಮುಗಿಯುವವರೆಗೆ ಉಳಿಯಬೇಕು. ಬಲಕ್ಕೆ ಲೆಕ್ಕ, ಅದನ್ನು ಬರೆದು ಬರೆದು ಅಳಿಸಬೇಕು. ಬಾಗಿಲ ಹತ್ತಿರ ಗಾಳಿ ಬರುತ್ತದೆ, ಚಾಕಿನ ಧೂಳು ಹೊರಗೆ ಹೋಗುತ್ತದೆ. ಜಿಲ್ಲೆಯಲ್ಲಿ ಹಲವರು ಹೀಗೇ ಕಲಿಸುತ್ತಾರೆ. ನನ್ನ ಬಾಗೇವಾಡಿಯ ಉಪನ್ಯಾಸಕರೂ ಹೀಗೇ ಮಾಡುತ್ತಿದ್ದರು. ನಾನೂ ಹೀಗೇ ಶುರು ಮಾಡಿದೆ.

ಮೊದಲ ಕಿರುಪರೀಕ್ಷೆಯಲ್ಲಿ ಬಲ ಮತ್ತು ಚಲನೆಯ ಲೆಕ್ಕ ಕೊಟ್ಟೆ. ಹುಡುಗಿಯರು ದತ್ತಾಂಶ ಬರೆದಿದ್ದರು, ಸೂತ್ರ ಬರೆದಿದ್ದರು, ಅಲ್ಲಿಗೆ ನಿಲ್ಲಿಸಿದ್ದರು. ಸಾಲಿಗೆ ಸಾಲೇ ಒಂದೇ ಕಡೆ ನಿಂತಿತ್ತು. ಹುಡುಗರಲ್ಲಿ ತಪ್ಪು ಮಾಡಿದವರೂ ಇದ್ದರು, ಆದರೆ ಕೊನೆಯವರೆಗೆ ಹೋಗಿ ತಪ್ಪು ಮಾಡಿದ್ದರು. ಸ್ಟಾಫ್‌ ರೂಮಿನಲ್ಲಿ ಹಿರಿಯರು ಚುರಮುರಿಯ ಪೊಟ್ಟಣ ನನ್ನ ಕಡೆಗೆ ಸರಿಸುತ್ತಾ ನಕ್ಕರು. ಇದು ಇವತ್ತಿನದಲ್ಲ, ಹೆಣ್ಣುಮಕ್ಕಳು ಸೂತ್ರದವರೆಗೆ ಬರುತ್ತಾರೆ, ಮುಂದೆ ಹೋಗುವುದಿಲ್ಲ, ಅವರ ತಲೆ ಬಾಯಿಪಾಠಕ್ಕೆ ಒಗ್ಗಿದ್ದು, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಆಮೇಲೆ ಆ ಮಾತನ್ನು, ಮೇಲೆ ಬರೆದ ಆ ಒಂದೇ ಮಾತನ್ನು, ಹೇಳಿದರು. ಅವರು ಕೆಟ್ಟವರಲ್ಲ. ಮಧ್ಯಾಹ್ನ ಊಟ ಆಯಿತೇ ಎಂದು ದಿನಾ ಕೇಳುವ ಮನುಷ್ಯ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಕೆಟ್ಟವರ ಜೊತೆ ಜಗಳವಾದರೂ ಆಡಬಹುದು.

ಇಂಡಿಯ ಹುಡುಗಿಯರೂ ಇದೇ ಜೋಳದ ರೊಟ್ಟಿ ತಿಂದು ಬಂದವರು. ಅವರಿಗೆ ಬಂದದ್ದು ಇವರಿಗೆ ಯಾಕೆ ಬರುವುದಿಲ್ಲ? ಲೆಕ್ಕ ಬಿಡಿಸುವವರಿಗೆ ಇದು ಪರಿಚಯದ ಸ್ಥಿತಿ. ಉತ್ತರ ತಾಳೆಯಾಗದಿದ್ದರೆ ಎಲ್ಲೋ ಒಂದು ಬಾಣ ಬಿಟ್ಟುಹೋಗಿದೆ ಎಂದು ಅರ್ಥ.

ಆ ಹುಡುಗಿಯರಲ್ಲಿ ಒಬ್ಬಳು ದೇವರ ಹಿಪ್ಪರಗಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ಅಪ್ಪ ಸುತ್ತಲಿನ ಸಂತೆಗಳಲ್ಲಿ ಬಳೆ ಮಾರುತ್ತಾರೆ. ತಲೆತಲಾಂತರದಿಂದ ಅದೇ ಊರಿನ ಮುಸ್ಲಿಂ ಮನೆತನ, ಅವರ ಅಜ್ಜನಿಂದ ಬಂದ ಬಳೆಯ ವ್ಯಾಪಾರ. ಹುಡುಗಿ ನನ್ನ ಹಾಗೆಯೇ ಮಾತು ಕಡಿಮೆ. ದಪ್ಪ ಚೌಕಟ್ಟಿನ ಕನ್ನಡಕ. ಒಂದು ದಿನ ಕ್ಲಾಸಾದ ಮೇಲೆ ಬಂದು ನಿಂತು, ಮಧ್ಯವಾರ್ಷಿಕ ಪರೀಕ್ಷೆಯವರೆಗೆ ಮಾತ್ರ ತಾನು ಇಲ್ಲಿರುವುದು ಎಂದಳು. ಯಾಕೆ ಎಂದು ಕೇಳಿದೆ. ಸೈನ್ಸ್ ಓದಿ ಕಣ್ಣು ಹಾಳಾಗುತ್ತಿವೆ ಎಂದು ಮನೆಯಲ್ಲಿ ಹೆದರಿದ್ದಾರೆ. ಕಾಲೇಜು ಸೇರಿದ ತಿಂಗಳಲ್ಲೇ ಕನ್ನಡಕ ಬಂತು, ಆದರೂ ಕಾಣುವುದಿಲ್ಲ, ಲೆಕ್ಕದಲ್ಲಿ ಅಂಕವೂ ಇಲ್ಲ. ಟಿ.ಸಿ. ತೆಗೆದುಕೊಂಡು ಮನೆಯಲ್ಲಿ ಕೂತು, ಮುಂದಿನ ವರ್ಷ ಊರಲ್ಲೇ ಆರ್ಟ್ಸ್ ಸೇರಬೇಕು. ಇಷ್ಟನ್ನು ಹೇಳುವಾಗ ಅವಳು ಅಳಲಿಲ್ಲ. ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ನಿನಗೆ ಏನು ಬೇಕು ಎಂದೆ. "ನನಗ ಲೆಕ್ಕ ಸೇರ್ತಾವ್ರಿ" ಎಂದು ನೆಲಕ್ಕೆ ಹೇಳಿದಳು.

ಮರುದಿನ ಅವಳನ್ನೇ ಬೋರ್ಡಿಗೆ ಕರೆದೆ. ಲಾರಿಯಿಂದ ತೊಗರಿಯ ಚೀಲವನ್ನು ಹಲಗೆಯ ಮೇಲೆ ಜಾರಿಬಿಡುತ್ತಾರೆ. ಹಲಗೆ ನೆಲಕ್ಕೆ ಮೂವತ್ತು ಡಿಗ್ರಿ ಓರೆ. ಚೀಲ ಐವತ್ತು ಕಿಲೋ. ಘರ್ಷಣೆಯ ಗುಣಾಂಕ 0.3. ಚೀಲ ಎಷ್ಟು ವೇಗೋತ್ಕರ್ಷದಿಂದ ಜಾರುತ್ತದೆ?

ಅವಳು ಚೌಕ ಬರೆದಳು. ಕೆಳಗೆ ಭಾರದ ಬಾಣ, ಹಲಗೆಗೆ ಲಂಬವಾಗಿ ಹಲಗೆಯ ಒತ್ತು, ಜಾರುವ ದಿಕ್ಕಿಗೆ ಎದುರಾಗಿ ಘರ್ಷಣೆ. ಭಾರವನ್ನು ಎರಡಾಗಿ ಒಡೆದಳು, ಹಲಗೆಯ ಗುಂಟ ಒಂದು, ಹಲಗೆಗೆ ನೇರ ಒಂದು. ಜಾಗ ಸಾಲದೆ ಬಲಭಾಗಕ್ಕೆ ಸರಿದಳು. ಚೀಲದ ದ್ರವ್ಯರಾಶಿ ಎರಡೂ ಕಡೆ ಹೊಡೆದುಹೋಯಿತು. g ಯನ್ನು ಹತ್ತು ಎಂದು ಹಿಡಿದು, ಕೊನೆಗೆ 2.4 ಎಂದು ಬರೆದು ಕೆಳಗೆ ಗೆರೆ ಎಳೆದಳು. ನೂರು ಕಿಲೋ ಚೀಲವಾದರೆ ಎಷ್ಟು ಎಂದು ಹುಡುಗನೊಬ್ಬ ಕೆಣಕಿದ. ಅವಳು ತಿರುಗದೆಯೇ, "ಅಷ್ಟ. ಚೀಲ ಹೊರಾಂವಗಷ್ಟ ಫರಕ ಆಗ್ತದ" ಎಂದಳು.

ಹೋಗಿ ಕೂತುಕೋ, ಕೊನೆಯ ಸಾಲನ್ನು ಗಟ್ಟಿಯಾಗಿ ಓದು, ಹಿಂದಿನವರು ಬರೆದುಕೊಳ್ಳಲಿ ಎಂದೆ. ಅವಳು ಕೂತಳು. ಬೋರ್ಡಿನ ಕಡೆ ನೋಡಿದಳು. ಕನ್ನಡಕ ಸರಿಮಾಡಿಕೊಂಡಳು. ಮತ್ತೆ ನೋಡಿದಳು. ಮರೆತೆಯಾ ಎಂದು ಕೇಳಿದೆ.

"ಕಾಣವಲ್ದ್ರಿ ಮೇಡಂ."

ತಾನೇ ಬರೆದದ್ದು, ಚಾಕಿನ ಪುಡಿ ಇನ್ನೂ ಅವಳ ಬೆರಳಲ್ಲಿತ್ತು. ಹುಡುಗರು ನಕ್ಕರು. ನಾನು ಅವಳ ಬೆಂಚಿನ ಹತ್ತಿರ ಹೋಗಿ ಕನ್ನಡಕ ಕೊಡು ಎಂದೆ. ಪುಸ್ತಕದ ಅಕ್ಷರಗಳ ಮೇಲೆ ಅದನ್ನು ಹಿಡಿದು ಆಚೆ ಈಚೆ ಸರಿಸಿದೆ. ಮಸೂರಕ್ಕೆ ಶಕ್ತಿ ಇದ್ದರೆ ಕೆಳಗಿನ ಅಕ್ಷರಗಳು ಅದರ ಜೊತೆಗೋ ಎದುರಿಗೋ ಸರಿಯಬೇಕು. ಸರಿಯಲಿಲ್ಲ. ಬಾಗಿಲ ಚೌಕಟ್ಟನ್ನು ಅದರ ಮೂಲಕ ನೋಡಿದೆ. ಗೆರೆ ಮುರಿಯಲಿಲ್ಲ. ಕಿಟಕಿಗೆ ಹಾಕುವ ಗಾಜು.

ತಲೆ ಎತ್ತಿ ನೋಡಿದರೆ ಆ ಸಾಲಿನಲ್ಲಿ ಇನ್ನೂ ಎಷ್ಟೋ ಕನ್ನಡಕಗಳು. ದಿನಾ ನೋಡುತ್ತಿದ್ದೆ. ಹುಡುಗರ ಸಾಲಿನಲ್ಲಾದರೆ ಕನ್ನಡಕವನ್ನು ಹುಡುಕಿ ತೆಗೆಯಬೇಕಾಗಿತ್ತು.

ಅವಳನ್ನು ಸರಿಸಿ ಅವಳ ಜಾಗದಲ್ಲಿ ಕೂತೆ. ಬೋರ್ಡಿನ ಎಡಭಾಗ ಸ್ಪಷ್ಟವಾಗಿತ್ತು. ಬಲಭಾಗದಲ್ಲಿ ಲೆಕ್ಕ ಇರಲಿಲ್ಲ, ಬಾಗಿಲಿತ್ತು. ಉದ್ದಕ್ಕೆ ನಿಂತ ಬಿಳಿ ಬಾಗಿಲು, ಅದರೊಳಗೆ ಉರಿಯುವ ಬಯಲು, ಬಯಲಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ಬೆಳಕು ಯಾವ ಕೋನದಲ್ಲಿ ಬಡಿಯುತ್ತದೋ ಅದೇ ಕೋನದಲ್ಲಿ ಮರಳುತ್ತದೆ. ಹತ್ತನೆಯ ತರಗತಿಯ ಮಕ್ಕಳಿಗೂ ಗೊತ್ತಿರುವ ನಿಯಮ. ಬಲಗೋಡೆಯ ಬಾಗಿಲಿಂದ ಬಂದ ಬೆಳಕು ನುಣುಪಾದ ಬೋರ್ಡಿಗೆ ಬಡಿದು ಎಡಸಾಲಿಗೆ ಮರಳುತ್ತಿತ್ತು. ಆ ಹೊಳಪು ಬರೆಯುವವನಿಗೆ ಕಾಣುವುದಿಲ್ಲ. ಬಲಸಾಲಿನವರಿಗೆ ಕಾಣುವುದಿಲ್ಲ. ಯಾರನ್ನು ಬೆಳಕಿಂದ ದೂರ ಕೂರಿಸಿದ್ದರೋ ಅವರ ಕಣ್ಣಿಗೆ ಮಾತ್ರ ನೇರ ಬೀಳುತ್ತಿತ್ತು.

ಅಲ್ಲಿ ಕೂತಿದ್ದಾಗ ನನಗೆ ಬಂದ ಸಿಟ್ಟನ್ನು ಇಲ್ಲಿ ಸರಿಯಾಗಿ ಬರೆಯಲಾರೆ. ಬಾಗೇವಾಡಿಯ ಹಾಲಿನ ಬಿಳುಪು ಏನೆಂದು ಈಗ ತಿಳಿಯಿತು. ಅವ್ವ ನನ್ನ ಮುಖ ನೋಡುತ್ತಾ ಕಳೆದ ದಿನ ನೆನಪಾಯಿತು. ನಮ್ಮ ತಲೆಯ ಬಗ್ಗೆ ಇಷ್ಟು ವರ್ಷ ಇವರು ಅಕ್ಕರೆಯಿಂದ ಹೇಳುತ್ತಾ ಬಂದದ್ದೆಲ್ಲ ಒಂದು ಡಬ್ಬಿ ಎಣ್ಣೆಬಣ್ಣದ ಕಥೆ. ಒಬ್ಬರಾದರೂ ಬಂದು ಆ ಬೆಂಚಿನಲ್ಲಿ ಒಂದು ಗಳಿಗೆ ಕೂತಿದ್ದರೆ ಸಾಕಿತ್ತು.

ಎದ್ದು ಬಾಗಿಲು ಹಾಕಿದೆ. ಬೋರ್ಡಿನಲ್ಲಿ ಲೆಕ್ಕ ಕಾಣಿಸಿಕೊಂಡಿತು. ಎಡಸಾಲಿನಲ್ಲಿ ಒಂದು ಗುಸುಗುಸು ಎದ್ದಿತು. ಎಲ್ಲರೂ ಬರೆದುಕೊಳ್ಳತೊಡಗಿದರು. ಅವರು ಅರ್ಧ ಬರೆಯುವುದರೊಳಗೆ ಪ್ರಾಂಶುಪಾಲರು ಬಾಗಿಲು ತಳ್ಳಿ ನಿಂತರು. ಹುಡುಗರು ಹುಡುಗಿಯರು ಒಟ್ಟಿಗಿರುವ ಕ್ಲಾಸಿನ ಬಾಗಿಲು ಮುಚ್ಚಬಾರದು, ಮುಚ್ಚಿದರೆ ಹೊರಗಿನವರು ಏನು ತಿಳಿಯುತ್ತಾರೆ, ಇದು ಕಾಲೇಜಿನ ನಿಯಮ ಎಂದರು. ಕಾರಣ ಹೇಳಿದೆ. ಹಾಗಾದರೆ ಒಂದು ಪರದೆ ಹಾಕಿಸೋಣ, ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಇಡುತ್ತೇನೆ ಎಂದರು. ಸಭೆ ಯಾವಾಗ ಎಂದು ಕೇಳಿದೆ. ಪರೀಕ್ಷೆ ಮುಗಿದ ಮೇಲೆ.

ಬೋರ್ಡಿನ ಎಡಭಾಗದಲ್ಲೇ ಲೆಕ್ಕ ಬರೆಯತೊಡಗಿದೆ. ನನ್ನ ಪಿರಿಯಡ್ಡುಗಳು ಅರ್ಧ, ಹಿರಿಯರದು ಅರ್ಧ. ಅವರಿಗೆ ಹೇಳಿದೆ. ಮನಃಪೂರ್ವಕ ಕೇಳಿಸಿಕೊಂಡು ಹೌದೌದು ಎಂದರು, ಮರುದಿನ ಬಲಕ್ಕೇ ಬರೆದರು. ಕೈ ರೂಢಿ ಎಂದರು. ಇಷ್ಟು ವರ್ಷ ಯಾರೂ ಕಾಣುವುದಿಲ್ಲ ಎಂದಿಲ್ಲವಲ್ಲ ಎಂದೂ ಅಂದರು.

ಆಗ ಸಾಲುಗಳನ್ನು ಅದಲುಬದಲು ಮಾಡಿದೆ. ಹುಡುಗರು ಎಡಕ್ಕೆ, ಹುಡುಗಿಯರು ಬಾಗಿಲ ಬದಿಗೆ. ಹುಡುಗರು ಗೊಣಗುತ್ತಾ ಹೋಗಿ ಕೂತರು. ಬಲಭಾಗದಲ್ಲಿ ಬೇಕೆಂತಲೇ ಒಂದು ಲೆಕ್ಕ ಶುರು ಮಾಡಿದೆ. ಮೊದಲ ಸಾಲು ಮುಗಿದಿರಲಿಲ್ಲ.

"ಮೇಡಂ, ಏನೂ ಕಾಣವಲ್ದು. ಬೆಳಕ ಬೀಳಾಕತ್ತೈತಿ. ಈ ಕಡೆ ಬರೀರಿ."

ಹುಡುಗನೊಬ್ಬ ಕೂತಲ್ಲಿಂದಲೇ, ಕೈ ಕೂಡ ಎತ್ತದೆ ಹೇಳಿದ. ಅವನ ಕಣ್ಣಲ್ಲಿ ದೋಷವಿರಬಹುದು ಎಂಬ ಅನುಮಾನ ಅವನಿಗೆ ಬರಲೇ ಇಲ್ಲ. ಒಂದು ಸಾಲು ಬರೆಯುವಷ್ಟು ಹೊತ್ತು ಸಾಕಾಯಿತು ಅವನಿಗೆ. ನಾನು ಬಾಗೇವಾಡಿಯಲ್ಲಿ ಪಿಯುಸಿ ಮುಗಿಸಿದರೂ ಈ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಚಾಕ್ ಕೈಯಲ್ಲೇ ಮುರಿಯಿತು.

ಆದರೆ ಹುಡುಗಿಯರು ಬಾಗಿಲ ಬದಿಗೆ ಹೆಗಲು ತಿರುಗಿಸಿ, ಓಢಣಿ ಮುಂದಕ್ಕೆಳೆದುಕೊಂಡು ಕೂತಿದ್ದರು. ಮರುದಿನ ಕೆಲವರು ಬರಲೇ ಇಲ್ಲ. ಬಳೆಯವರ ಮಗಳು ಬಂದು, "ಅಲ್ಲಿ ಕುಂದರಸಬ್ಯಾಡ್ರಿ ಮೇಡಂ. ಚಾದಂಗಡ್ಯಾಗ ಕುಂತಾವ್ರು ಮನಿತನಕ ಸುದ್ದಿ ಒಯ್ತಾರ" ಎಂದಳು. ಮತ್ತೆ ಮೊದಲಿನ ಹಾಗೆ ಕೂರಿಸಿದೆ.

ಆ ವಾರವೇ ಅವಳ ಅಪ್ಪ ಬಂದರು, ಟಿ.ಸಿ.ಗೆ ಅರ್ಜಿ ಹೇಗೆ ಕೊಡಬೇಕೆಂದು ಕೇಳಲು. ತೆಳ್ಳಗಿನ ಮನುಷ್ಯ, ಬಿಳಿ ಟೋಪಿ, ಹೆಗಲಿಗೆ ಟವಲು. ಕ್ಲಾಸು ಖಾಲಿಯಿತ್ತು. ನಾನು ಏನೂ ಹೇಳದೆ ಬೋರ್ಡಿನ ಬಲಭಾಗದಲ್ಲಿ ದೊಡ್ಡದಾಗಿ ಅವರ ಊರಿನ ಹೆಸರು ಬರೆದು, ಅವರನ್ನು ಮಗಳ ಜಾಗದಲ್ಲಿ ಕೂರಿಸಿ ಓದಿ ಎಂದೆ. ಅವರು ಕಣ್ಣು ಕಿರಿದು ಮಾಡಿದರು, ಕತ್ತು ಆಚೆ ಈಚೆ ಹೊರಳಿಸಿದರು.

"ಬರದದ್ದು ಕಾಣವಲ್ದ್ರಿ. ಚಾ ಕುಡ್ಯಾವ್ರು ಕಾಣ್ತಾರ ನೋಡ್ರಿ."

ಎದ್ದು ಬಾಗಿಲು ಹಾಕಿದೆ. "ದೇವರ ಹಿಪ್ಪರಗಿ" ಎಂದು ಅವರು ಓದಿದರು. ಬಾಗಿಲು ತೆರೆದೆ. ಮತ್ತೆ ಬಯಲು. 

"ಹಂಗಾದ್ರ ನನ್ನ ಮಗಳ ಕಣ್ಣು?"

ನೆಟ್ಟಗಿವೆ ಎಂದೆ. ಕನ್ನಡಕದ ಗಾಜಿನ ವಿಷಯ ಹೇಳಿದೆ. ನಂಬಿಕೆ ಬರದಿದ್ದರೆ ವಿಜಯಪುರದಲ್ಲಿ ಒಳ್ಳೆಯ ಡಾಕ್ಟರಿಗೆ ತೋರಿಸಿ ಎಂದೆ. ಅವರು ಟವಲಿನಿಂದ ಮುಖ ಒರೆಸಿಕೊಂಡರು. ನನಗೆ ಕೃತಜ್ಞತೆ ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ, ಅದು ಸರಿಯೇ.

"ಪರೀಕ್ಷಾ ಆಗೂತನಕ ಇರ್ಲಿ. ಆದ್ರ ಮೇಡಂ, ತಪ್ಪು ಬೋರ್ಡಿಂದಂದ್ರ ಬೋರ್ಡ್ ಸರಿ ಮಾಡ್ರಿ. ನನ್ನ ಮಗಳು ಯಾಕ ಸರಿ ಆಗ್ಬೇಕು?"

ಆ ಶನಿವಾರ ಕಾಲೇಜು ಅರ್ಧ ದಿನಕ್ಕೆ ಬಿಟ್ಟ ಮೇಲೆ ಹಾರ್ಡ್‌ವೇರ್ ಅಂಗಡಿಯಿಂದ ಪಾಲಿಶ್ ಪೇಪರು ತಂದೆ, ಎಲ್ಲಕ್ಕಿಂತ ಒರಟಾದದ್ದು. ಅಂಗಡಿಯವನು ಬಾಗಿಲಿಗಾ ಕಿಟಕಿಗಾ ಎಂದು ಕೇಳಿದ. ಬಾಗಿಲಿಗೆ ಎಂದೆ. ನುಣುಪಾದ ಮೈಯಿಂದ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ, ಒರಟು ಮೈಯಿಂದ ಎಲ್ಲ ದಿಕ್ಕಿಗೂ ಚೆದುರುತ್ತದೆ. ನಾನು ಮಾಡಬೇಕಾದದ್ದು ಅಷ್ಟೇ, ಆ ಹೊಳಪನ್ನು ಕೊಲ್ಲುವುದು. ಬಲಮೂಲೆಯಿಂದ ಶುರು ಮಾಡಿದೆ. ಕಪ್ಪು ಪುಡಿ ಮೂಗಿಗೆ, ಬಾಯಿಗೆ, ಕೂದಲಿಗೆ ಹತ್ತಿತು. ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ಕೈ ನೋಯುವುದು ನನಗೆ ಹಿತವಾಗಿತ್ತು ಎಂದು ಬರೆಯಲು ಸಂಕೋಚವಿಲ್ಲ. ಆಗಾಗ ಹೋಗಿ ಎಡಸಾಲಿನಲ್ಲಿ ಕೂತು ನೋಡುತ್ತಿದ್ದೆ. ತಿಕ್ಕಿದಷ್ಟು ಜಾಗದಲ್ಲಿ ಬಾಗಿಲು ಇರಲಿಲ್ಲ, ತಿಕ್ಕದ ಕಡೆ ಇತ್ತು. ಕಡೆಗೆ ಬಾಗಿಲು ಪೂರ್ತಿ ಹೋಯಿತು. ದಾನಿಯ ಹಳದಿ ಹೆಸರನ್ನು ಮುಟ್ಟಲಿಲ್ಲ. ಅದು ಯಾರ ಕಣ್ಣಿಗೂ ಅಡ್ಡ ಬರುತ್ತಿರಲಿಲ್ಲ.

ಸೋಮವಾರ ಪ್ರಾಂಶುಪಾಲರು ಕರೆಸಿದರು. ಹಿರಿಯರೂ ಅಲ್ಲಿದ್ದರು. ದಾನ ಕೊಟ್ಟ ವಸ್ತು, ಅವರು ಬಂದು ನೋಡಿದರೆ ಏನು ಹೇಳಬೇಕು, ಕೇಳದೆ ಹೇಗೆ ಮುಟ್ಟಿದಿರಿ ಎಂದು ಕೇಳಿದರು. ನಾನು ಕೋನದ ವಿಷಯ ಹೇಳಿದೆ, ಕನ್ನಡಕಗಳ ವಿಷಯ ಹೇಳಿದೆ, ಬಂದು ಆ ಬೆಂಚಿನಲ್ಲಿ ಕೂತು ನೋಡಿ ಎಂದೆ. ಪ್ರಾಂಶುಪಾಲರು ಬರಲಿಲ್ಲ. ಹುಡುಗಿಯರ ಬೆಂಚಿನಲ್ಲಿ ತಾವು ಹೇಗೆ ಕೂರುವುದು ಎಂಬಂತೆ ನೋಡಿದರು.

"ಮೇಡಂ, ನೀವು ಗೆಸ್ಟ್ ಲೆಕ್ಚರರ್ ಇದ್ದೀರಿ. ಗೆಸ್ಟ್ ಇದ್ದಾಂಗ ಇರ್ರಿ. ಬಂದ ಮನ್ಯಾಗಿನ ಗ್ವಾಡಿ ಕೆರೀಬಾರ್ದು."

ಸಿಟ್ಟು ಬಂದಾಗ ನನಗೆ ಮಾತು ಬರುವುದಿಲ್ಲ, ಇದು ಹುಟ್ಟಿನಿಂದ ಬಂದದ್ದು. ಕೆಳಗೆ ನೋಡಿದಾಗ ಉಗುರುಗಳಲ್ಲಿ ಇನ್ನೂ ಆ ಕಪ್ಪು ಇತ್ತು.

ಪರೀಕ್ಷೆಯವರೆಗಿನ ದಿನಗಳಲ್ಲಿ ಬಲಭಾಗವನ್ನು ತುಂಬಿ ತುಂಬಿ ಬರೆದೆ. ಬ್ರೇಕ್ ಹಾಕಿದ ಬಸ್ಸು ಎಷ್ಟು ದೂರ ಹೋಗಿ ನಿಲ್ಲುತ್ತದೆ. ಬಾವಿಗೆ ಬಿಟ್ಟ ಕಲ್ಲಿನ ಸದ್ದು ಎಷ್ಟು ಹೊತ್ತಿಗೆ ಕೇಳುತ್ತದೆ. ಎರಡು ಎತ್ತುಗಳು ಬೇರೆ ಬೇರೆ ಕೋನದಲ್ಲಿ ಎಳೆದರೆ ಬಂಡಿ ಯಾವ ಕಡೆ ಹೋಗುತ್ತದೆ. ಎಡಸಾಲಿನಿಂದ ಮೊದಮೊದಲು ಪಿಸುಮಾತು, ಆಮೇಲೆ ಉತ್ತರ, ಆಮೇಲೆ ನನ್ನ ತಪ್ಪು ಹಿಡಿಯುವುದು. ವಿಜಯಪುರದ ಡಾಕ್ಟರು ಬಳೆಯವರ ಮಗಳ ಕಣ್ಣಿಗೆ ಏನೂ ಆಗಿಲ್ಲ ಎಂದರಂತೆ. ಅವಳು ಕನ್ನಡಕವಿಲ್ಲದೆ ಬಂದ ದಿನ ಮೂಗಿನ ಎರಡೂ ಬದಿಗೆ ಅದರ ಗುರುತು ಮಾತ್ರ ಇತ್ತು.

ಮಧ್ಯವಾರ್ಷಿಕದಲ್ಲಿ ಅವಳು ಲೆಕ್ಕಗಳನ್ನೆಲ್ಲ ಕೊನೆಯವರೆಗೆ ಬಿಡಿಸಿದ್ದಳು. ಒಂದರಲ್ಲಿ ಚಿಹ್ನೆ ತಪ್ಪಿತ್ತು, ಅದಕ್ಕೆ ಅಂಕ ಕಳೆದೆ. ಅವಳ ಅಪ್ಪ ಟಿ.ಸಿ.ಯ ಮಾತು ಎತ್ತಲಿಲ್ಲ. ಎಡಸಾಲಿನ ಉಳಿದವರೂ ಸೂತ್ರ ದಾಟಿ ಹೋಗಿದ್ದರು, ತಪ್ಪಾಗಿಯೋ ಸರಿಯಾಗಿಯೋ, ಅಂತೂ ಕೊನೆಯವರೆಗೆ. ಸ್ಟಾಫ್‌ ರೂಮಿನಲ್ಲಿ ಹಿರಿಯರು ಉತ್ತರಪತ್ರಿಕೆಗಳನ್ನು ತಿರುವಿಹಾಕಿ ಸಂತೋಷಪಟ್ಟರು. ನಿಜವಾಗಿಯೂ ಸಂತೋಷಪಟ್ಟರು.

"ಈ ಸಲದ ಹುಡುಗ್ಯಾರು ಭಾಳ ಶಾಣ್ಯಾ ಅದಾರ ನೋಡ್ರಿ."

ಅಷ್ಟೇ. ಬೋರ್ಡಿನ ಮಾತೇ ಇಲ್ಲ. ಹಾಗಾದರೆ ಹೋದ ಸಲದವರು? ಅದರ ಹಿಂದಿನವರು? ಆರ್ಟ್ಸಿಗೆ ಹೋದವರು, ಮನೆಯಲ್ಲಿ ಕೂತವರು, ಕಿಟಕಿಯ ಗಾಜನ್ನು ಮೂಗಿನ ಮೇಲೆ ಹೊತ್ತು ಲಗ್ನವಾಗಿ ಹೋದವರು? ಅವರೆಲ್ಲ ದಡ್ಡಿಯರಾಗಿಯೇ ಉಳಿದರು. ಇದನ್ನು ಕೇಳಬೇಕೆಂದು ಬಾಯಿ ತೆರೆದೆ. ಅವರು ಚುರಮುರಿಯ ಪೊಟ್ಟಣ ನನ್ನ ಕಡೆಗೆ ಸರಿಸಿದರು.

ಸಭೆಯಲ್ಲಿ ಪರದೆಯ ವಿಷಯ ಬರಲಿಲ್ಲ. ತಿಕ್ಕಿ ಹಾಳಾದ ಬೋರ್ಡಿನ ವಿಷಯ ಬಂತು. ದಾನಿ ದೊಡ್ಡ ಮನಸ್ಸು ಮಾಡಿ ಹೊಸದು ಕೊಡಿಸಿದರು. ದಪ್ಪ ಗಾಜಿನ ಹಸಿರು ಬೋರ್ಡು, ಮೇಲೆ ಅದೇ ಹೆಸರು, ಈ ಸಲ ಬಂಗಾರದ ಬಣ್ಣದಲ್ಲಿ. ಹಳೆಯದನ್ನು ಇಳಿಸಿ ಅದೇ ಮೊಳೆಗಳಿಗೆ ಇದನ್ನು ತೂಗುಹಾಕಿದರು. ಅದರ ಮುಂದೆ ನಿಂತು ತಲೆ ಬಾಚಿಕೊಳ್ಳಬಹುದಿತ್ತು.

ಅದನ್ನು ಹಾಕಿದ ಮರುದಿನ ಮಧ್ಯಾಹ್ನ ಆ ಕೋಣೆಯಲ್ಲಿ ಹಿರಿಯರ ಪಿರಿಯಡ್. ನನಗೆ ಕ್ಲಾಸಿರಲಿಲ್ಲ. ಅದೇ ಬಾಗಿಲ ಪಕ್ಕದ ಕಟ್ಟೆಯ ಮೇಲೆ, ಒಳಗಿನವರಿಗೆ ಕಾಣದ ಹಾಗೆ ಕೂತಿದ್ದೆ. ಪರದೆಯನ್ನು ನಾನೇ ತಂದು ಕಟ್ಟಲೇ ಅಥವಾ ಕೆಲಸ ಬಿಟ್ಟು ಹೋಗಲೇ ಎಂದು ಯೋಚಿಸುತ್ತಿದ್ದೆ. ಒಳಗೆ ಚಾಕಿನ ಸದ್ದು, ಗಾಜಿನ ಮೇಲೆ ಕೀಚುವ ಸದ್ದು. ಲೆಕ್ಕ ಶುರುವಾಗಿದೆ ಎಂದು ಅದರ ಲಯದಲ್ಲೇ ಗೊತ್ತಾಯಿತು. ಆಗ ಆ ಹುಡುಗಿಯ ದನಿ ಕೇಳಿತು. ಮೊದಲ ಸಲ ಅದು ನೆಲಕ್ಕೆ ಹೇಳಿದ ಮಾತಾಗಿರಲಿಲ್ಲ.

"ಸರ್, ಕಾಣವಲ್ದು. ಬಾಗಲದ ಬೆಳಕು ಬೋರ್ಡಿಗೆ ಬಡದು ನಮ್ಮ ಕಡೆ ಬರಾಕತ್ತೈತಿ. ಎಡಗಡೆ ಬರೀರಿ."

ಹಿರಿಯರು ನಿನ್ನ ಚಾಳೀಸು ಎಲ್ಲಿ ಎಂದು ಕೇಳಿದರು.

"ಚಾಳೀಸು ನನಗ ಬೇಕಾಗಿಲ್ರಿ. ನೀವು ಇಲ್ಲಿ ಬಂದು ಕುಂತು ನೋಡ್ರಿ."

ಯಾರೂ ನಗಲಿಲ್ಲ. ಚಾಕಿನ ಸದ್ದು ನಿಂತಿತು. ಬೆಂಚಿನ ಕಾಲು ನೆಲಕ್ಕೆ ಉಜ್ಜಿದ ಸದ್ದು ಬಂತು, ಅವಳು ಎದ್ದು ಜಾಗ ಬಿಟ್ಟುಕೊಟ್ಟಿರಬೇಕು. ಆಮೇಲೆ ಹಿರಿಯರ ಚಪ್ಪಲಿಯ ಸದ್ದು, ಬೋರ್ಡಿನ ಕಡೆಯಿಂದ ನಿಧಾನವಾಗಿ ಎಡಗೋಡೆಯ ಕಡೆಗೆ.